ಬಾರ್ ಮಿಟ್ಸ್ವಾ, ಬಾತ್ ಮಿಟ್ಸ್ವಾ: ಮಗುವಿನ ಪಾಠದಿಂದ ಊಟದ ಪಂಕ್ತಿಯವರೆಗೆ

ನಮ್ಮ ಮಗಳು ಒಂದು ಶರತ್ಕಾಲದ ಶನಿವಾರ ಬೆಳಿಗ್ಗೆ ನ್ಯೂಜೆರ್ಸಿಯ ನಮ್ಮ ಯೆಹೂದಿ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ಯೆಹೂದಿಗಳ ಧರ್ಮಗ್ರಂಥವಾದ ತೋರಾದ ಸುರುಳಿಯ ಮುಂದೆ ನಿಂತು ಓದಿದಳು; ಅದು ಅವಳ ಬಾತ್ ಮಿಟ್ಸ್ವಾ. ನನ್ನ ಹೆಂಡತಿ ಯೆಹೂದಿ. ನಾನು ಹಾಸನದ ಕಡೆಯವನು. ಆ ಒಂದು ಬೆಳಗಿಗಾಗಿ ಎರಡೂವರೆ ವರ್ಷ ನಡೆದ ಸಿದ್ಧತೆಯಲ್ಲಿ ನಾನು ಕಲಿತದ್ದು, ನನ್ನಂತೆಯೇ ಯೆಹೂದಿ ಕುಟುಂಬದೊಡನೆ ಸಂಬಂಧ ಬೆಳೆಸಿರುವ ಕನ್ನಡಿಗರಿಗೆ ಉಪಯೋಗವಾಗಲೆಂದು ಇಲ್ಲಿ ಬರೆದಿಡುತ್ತಿದ್ದೇನೆ. ಮೊದಲೇ ಹೇಳಬೇಕಾದ ಮಾತೊಂದಿದೆ. ಮದುವೆ ಎಂದರೆ ನಾವು ಮೊದಲು ಛತ್ರ ಹುಡುಕುತ್ತೇವೆ, ಛತ್ರ ಸಿಕ್ಕ ದಿನಕ್ಕೆ ಮುಹೂರ್ತ ಹೊಂದಿಸಿಕೊಳ್ಳುವುದೂ ಉಂಟು. ಇಲ್ಲಿ ಆ ಕ್ರಮ ನಡೆಯುವುದಿಲ್ಲ. ಮೊದಲು ಮಗು ಹುಟ್ಟಿದ ದಿನ, ಆಮೇಲೆ ಆ ವಾರ ಓದಬೇಕಾದ ಪಾಠ, ಆಮೇಲೆ ಮಗುವಿನ ಅಭ್ಯಾಸ. ಛತ್ರ, ಊಟ, ಕುಣಿತಗಳೆಲ್ಲ ಅದರ ನಂತರ. ಈ ಕ್ರಮವನ್ನು ತಿರುಗಿಸಿದ ಮನೆಗಳಲ್ಲಿ ಕೊನೆಯ ಎರಡು ತಿಂಗಳು ಮಗುವಿನ ಕಣ್ಣೀರಿನಲ್ಲಿ ಕಳೆದದ್ದನ್ನು ನಾನು ಹತ್ತಿರದಿಂದ ನೋಡಿದ್ದೇನೆ.

ಇದು ಏನು, ಏನಲ್ಲ

ಬಾರ್ ಮಿಟ್ಸ್ವಾ ಎಂದರೆ ಆಜ್ಞೆಗೆ ಒಳಪಟ್ಟ ಮಗ, ಬಾತ್ ಮಿಟ್ಸ್ವಾ ಎಂದರೆ ಆಜ್ಞೆಗೆ ಒಳಪಟ್ಟ ಮಗಳು. ಹುಡುಗನಿಗೆ ಹದಿಮೂರು ತುಂಬಿದ ಮರುದಿನ, ಹುಡುಗಿಗೆ ಸಾಂಪ್ರದಾಯಿಕ ಪದ್ಧತಿಯಲ್ಲಿ ಹನ್ನೆರಡು ತುಂಬಿದ ಮರುದಿನ, ಧರ್ಮದ ವಿಧಿಗಳನ್ನು ಪಾಲಿಸುವ ಹೊಣೆ ತಂದೆತಾಯಿಯಿಂದ ಮಗುವಿಗೆ ದಾಟುತ್ತದೆ. ಅಮೆರಿಕದ ಕನ್ಸರ್ವೇಟಿವ್ ಮತ್ತು ರಿಫಾರ್ಮ್ ಪಂಥಗಳ ಹಲವಾರು ಸಿನಗಾಗ್‌ಗಳಲ್ಲಿ ಇಬ್ಬರಿಗೂ ಹದಿಮೂರನ್ನೇ ಇಟ್ಟುಕೊಂಡಿದ್ದಾರೆ. ನಮ್ಮವರು ಇದನ್ನು ಕೇಳಿದ ಕೂಡಲೇ "ಅಂದರೆ ಉಪನಯನದ ಹಾಗೆ" ಎನ್ನುತ್ತಾರೆ. ವಯಸ್ಸೂ ಸಡಗರವೂ ಹತ್ತಿರವಿರುವುದರಿಂದ ಆ ಹೋಲಿಕೆ ಸಹಜವೇ, ಆದರೆ ಮುಖ್ಯವಾದ ಒಂದು ಅಂಶದಲ್ಲಿ ಅದು ತಪ್ಪು. ಉಪನಯನದಲ್ಲಿ ಸಂಸ್ಕಾರ ನಡೆದರೆ ಮಾತ್ರ ವಟು ವಟುವಾಗುತ್ತಾನೆ. ಇಲ್ಲಿ ವಯಸ್ಸು ತುಂಬಿತೆಂದರೆ ಮುಗಿಯಿತು. ಸಮಾರಂಭ ನಡೆಯದಿದ್ದರೂ ಮಗು ಹೊಣೆಗಾರನೇ, ಹೊಣೆಗಾರಳೇ. ಸಮಾರಂಭವು ಆ ಹೊಣೆಯನ್ನು ಸಮುದಾಯದ ಮುಂದೆ ಮೊದಲ ಸಲ ನಿರ್ವಹಿಸಿ ತೋರಿಸುವ ಸಂದರ್ಭ. ಈ ಅರಿವು ಮನಸ್ಸಿನಲ್ಲಿದ್ದರೆ ಮುಂದಿನ ಎಷ್ಟೋ ತೀರ್ಮಾನಗಳು ಸುಲಭವಾಗುತ್ತವೆ.

ಹೆಣ್ಣುಮಕ್ಕಳು ಸಭೆಯ ಮುಂದೆ ಓದುವ ಪದ್ಧತಿಗೆ ಅಮೆರಿಕದಲ್ಲಿ ಇನ್ನೂ ಹೆಚ್ಚು ವಯಸ್ಸಾಗಿಲ್ಲ. 1922ರ ಮಾರ್ಚ್ 18ರಂದು ನ್ಯೂಯಾರ್ಕಿನಲ್ಲಿ ರಬ್ಬಿ (ಯೆಹೂದಿ ಧರ್ಮಗುರು) ಮಾರ್ಡೆಕಾಯ್ ಕ್ಯಾಪ್ಲನ್ ಅವರ ಮಗಳು ಜೂಡಿತ್ ಸಿನಗಾಗ್‌ನಲ್ಲಿ ಓದಿದ್ದನ್ನು ಆ ದೇಶದ ಮೊದಲ ಬಾತ್ ಮಿಟ್ಸ್ವಾ ಎಂದು ಎಣಿಸುತ್ತಾರೆ. ಸಾಂಪ್ರದಾಯಿಕ ಪದ್ಧತಿಯ ಆರ್ಥಡಾಕ್ಸ್ ಸಮುದಾಯಗಳಲ್ಲಿ ಇಂದಿಗೂ ಹುಡುಗಿ ಸಾಮಾನ್ಯವಾಗಿ ಗಂಡಸರಿರುವ ಸಭೆಯಲ್ಲಿ ತೋರಾ ಓದುವುದಿಲ್ಲ; ತಾನು ಅಧ್ಯಯನ ಮಾಡಿದ ವಿಷಯದ ಬಗ್ಗೆ ಮಾತನಾಡುತ್ತಾಳೆ, ಅಥವಾ ಹೆಂಗಸರ ಕೂಟದಲ್ಲಿ ಪ್ರಾರ್ಥನೆ ನಡೆಸುತ್ತಾಳೆ. ನಿಮ್ಮ ಸಿನಗಾಗ್‌ನ ಪದ್ಧತಿ ಯಾವುದೆಂದು ಮೊದಲ ಭೇಟಿಯಲ್ಲೇ ರಬ್ಬಿಯನ್ನು ಕೇಳಿ ತಿಳಿದುಕೊಳ್ಳಬೇಕು.

ದಿನ ಗೊತ್ತುಮಾಡುವುದು

ಯೆಹೂದಿ ಪಂಚಾಂಗ ನಮ್ಮ ಚಾಂದ್ರಮಾನ ಪಂಚಾಂಗದ ಹತ್ತಿರದ ಬಂಧುವಿನಂತಿದೆ. ತಿಂಗಳು ಚಂದ್ರನದು, ವರ್ಷ ಸೂರ್ಯನೊಡನೆ ಹೊಂದಬೇಕು. ಹೀಗಾಗಿ ಹತ್ತೊಂಬತ್ತು ವರ್ಷಗಳಲ್ಲಿ ಏಳು ಸಲ ಅಧಿಕಮಾಸ ಸೇರಿಸುತ್ತಾರೆ. ನಮ್ಮಲ್ಲಿ ಅಧಿಕಮಾಸ ಬೇರೆ ಬೇರೆ ತಿಂಗಳಿಗೆ ಬರುತ್ತದೆ, ಅವರಲ್ಲಿ ಯಾವಾಗಲೂ ಅದಾರ್ ತಿಂಗಳಿಗೆ. ಸಾಮಾನ್ಯ ವರ್ಷದ ಅದಾರ್‌ನಲ್ಲಿ ಹುಟ್ಟಿದ ಮಗುವಿಗೆ ಹದಿಮೂರು ತುಂಬುವ ವರ್ಷ ಅಧಿಕಮಾಸವಿದ್ದರೆ ಎರಡನೆಯ ಅದಾರ್ ಅನ್ನೇ ಲೆಕ್ಕಕ್ಕೆ ಹಿಡಿಯುತ್ತಾರೆ. ಇನ್ನೊಂದು ಅಂಶ: ಅವರ ದಿನ ಸೂರ್ಯಾಸ್ತಕ್ಕೆ ಶುರುವಾಗುತ್ತದೆ. ಮಂಗಳವಾರ ರಾತ್ರಿ ಎಂಟಕ್ಕೆ ಹುಟ್ಟಿದ ಮಗುವಿನ ಹುಟ್ಟುಹಬ್ಬ ಬುಧವಾರದ ತಿಥಿಗೆ ಸೇರುತ್ತದೆ. ಆದ್ದರಿಂದ ಸಿನಗಾಗ್‌ನ ಕಚೇರಿಗೆ ಹುಟ್ಟಿದ ದಿನಾಂಕದ ಜೊತೆಗೆ ಹುಟ್ಟಿದ ಹೊತ್ತು, ಊರುಗಳನ್ನೂ ಬರೆದುಕೊಡಿ. ಜಾತಕ ಬರೆಸುವ ಅಭ್ಯಾಸವಿರುವ ನಮಗೆ ಇದು ಕಷ್ಟದ ಕೆಲಸವಲ್ಲ.

ದೊಡ್ಡ ಊರುಗಳ ಸಿನಗಾಗ್‌ಗಳಲ್ಲಿ ಎರಡು, ಕೆಲವು ಕಡೆ ಮೂರು ವರ್ಷ ಮೊದಲೇ ದಿನ ಹಂಚುತ್ತಾರೆ. ಹುಟ್ಟುಹಬ್ಬಕ್ಕಿಂತ ಮೊದಲಿನ ದಿನ ಕೇಳಬೇಡಿ. ನಂತರದ ವಾರಗಳಾದರೆ ಅಡ್ಡಿಯಿಲ್ಲ. ತೋರಾ ಓದುವುದು ಶನಿವಾರವಷ್ಟೇ ಅಲ್ಲ, ಸೋಮವಾರ ಮತ್ತು ಗುರುವಾರದ ಬೆಳಗಿನ ಪ್ರಾರ್ಥನೆಗಳಲ್ಲೂ ಇದೆ. ಆ ದಿನಗಳ ಪಾಠ ಚಿಕ್ಕದು, ಜನ ಕಡಿಮೆ, ಕ್ಯಾಮೆರಾಗೆ ನಿಷೇಧವಿಲ್ಲ. ಓದಿನಲ್ಲಿ ತೊಡಕಿರುವ, ಅಥವಾ ನೂರಾರು ಕಣ್ಣುಗಳ ಮುಂದೆ ನಿಲ್ಲಲು ಹೆದರುವ ಮಗುವಿಗೆ ಗುರುವಾರದ ಬೆಳಗು ಒಂದು ವರವೆಂದೇ ನನ್ನ ಅನಿಸಿಕೆ. ಜೆರುಸಲೇಮಿನ ಪಶ್ಚಿಮ ಗೋಡೆಯ ಬಳಿ ಸೋಮವಾರ, ಗುರುವಾರಗಳಂದು ಮೆರವಣಿಗೆಗಳು ಕಿಕ್ಕಿರಿದಿರುವುದಕ್ಕೂ ಆ ದಿನಗಳಲ್ಲಿ ತೋರಾ ಓದು ಇರುವುದು, ಕ್ಯಾಮೆರಾಗೆ ಅಡ್ಡಿಯಿಲ್ಲದಿರುವುದು ಕಾರಣ. ಅಲ್ಲಿ ಮಗಳು ಓದಬೇಕೆಂದಿದ್ದರೆ, ಅಥವಾ ಗಂಡಸರು ಹೆಂಗಸರು ಒಟ್ಟಿಗೆ ನಿಲ್ಲಬೇಕೆಂದಿದ್ದರೆ, ದಕ್ಷಿಣಕ್ಕಿರುವ ರಾಬಿನ್ಸನ್ ಕಮಾನಿನ ಜಾಗವನ್ನು ಮೊದಲೇ ಕಾಯ್ದಿರಿಸಬೇಕು.

ದಿನ ಒಪ್ಪಿಕೊಳ್ಳುವ ಮೊದಲು ಸೂರ್ಯಾಸ್ತದ ಹೊತ್ತನ್ನು ನೋಡಿ. ಶುಕ್ರವಾರ ಸಂಜೆಯಿಂದ ಶನಿವಾರ ಕತ್ತಲಾಗುವವರೆಗೆ ಶಬ್ಬಾತ್, ಅಂದರೆ ವಾರದ ಪವಿತ್ರ ವಿಶ್ರಾಂತಿಯ ದಿನ; ಅದನ್ನು ಪಾಲಿಸುವವರು ಆಗ ವಾದ್ಯ, ಕ್ಯಾಮೆರಾ, ಫೋನು, ಹಣ ಮುಟ್ಟುವುದಿಲ್ಲ. ನವೆಂಬರಿನಲ್ಲಿ ನ್ಯೂಜೆರ್ಸಿಯಲ್ಲಿ ಬೇಗ ಕತ್ತಲಾಗುವುದರಿಂದ ಶನಿವಾರ ರಾತ್ರಿಯೇ ಸಂಗೀತದ ಔತಣ ಇಟ್ಟುಕೊಳ್ಳಬಹುದು. ಜೂನ್‌ನಲ್ಲಿ ಶಬ್ಬಾತ್ ಮುಗಿಯುವಾಗ ಒಂಬತ್ತು ದಾಟಿರುತ್ತದೆ. ಶಬ್ಬಾತ್ ಪಾಲಿಸುವವರು ಆಗ ಭಾನುವಾರ ಮಧ್ಯಾಹ್ನಕ್ಕೆ ಔತಣ ಇಡುವುದು ಒಳ್ಳೆಯದು. ಪಾಸೋವರ್ ಹಬ್ಬದ ವಾರದಲ್ಲಿ ಬ್ರೆಡ್ಡು, ಕೇಕು ಯಾವುದೂ ಇಲ್ಲ, ಆದ್ದರಿಂದ ಆ ವಾರವನ್ನು ಬಿಟ್ಟುಬಿಡಿ.

ಮಗುವಿನ ಅಭ್ಯಾಸ

ಇಡೀ ಸಮಾರಂಭದ ಬೆನ್ನೆಲುಬು ಇದು. ತೋರಾವನ್ನು 54 ಪಾಠಗಳಾಗಿ ವಿಂಗಡಿಸಿ ಒಂದು ವರ್ಷದಲ್ಲಿ ಓದಿ ಮುಗಿಸುತ್ತಾರೆ. ನಿಮಗೆ ಸಿಕ್ಕ ಶನಿವಾರದ ಪಾಠವೇ ಮಗುವಿನ ಪಾಠ, ಆರಿಸಿಕೊಳ್ಳುವ ಅವಕಾಶವಿಲ್ಲ. ಅದಕ್ಕೆ ಜೋಡಿಯಾಗಿ ಪ್ರವಾದಿಗಳ ಗ್ರಂಥಗಳಿಂದ ಹಫ್ತಾರಾ ಎಂಬ ಇನ್ನೊಂದು ಭಾಗವಿರುತ್ತದೆ. ಎಷ್ಟು ಓದಬೇಕೆಂಬುದು ಸಿನಗಾಗ್‌ನಿಂದ ಸಿನಗಾಗ್‌ಗೆ, ಮಗುವಿನಿಂದ ಮಗುವಿಗೆ ಬೇರೆ.

ಹೊರಗಿನವರಿಗೆ ಥಟ್ಟನೆ ತಿಳಿಯದ ಕಷ್ಟವೊಂದು ಇಲ್ಲಿದೆ. ಸುರುಳಿಯ ಮೇಲೆ ಬರೀ ವ್ಯಂಜನಗಳಿವೆ. ಸ್ವರಚಿಹ್ನೆಯಿಲ್ಲ, ವಾಕ್ಯ ನಿಲ್ಲುವ ಗುರುತಿಲ್ಲ, ರಾಗದ ಗುರುತೂ ಇಲ್ಲ. ನಮ್ಮ ಲಿಪಿಯಲ್ಲಿ ಕಾಗುಣಿತವನ್ನೆಲ್ಲ ಅಳಿಸಿ "ಕನ್ನಡ" ಎಂಬುದನ್ನು ಬರೀ "ಕ ನ ನ ಡ" ಎಂಬ ಒತ್ತಿಲ್ಲದ ಗುರುತುಗಳಲ್ಲಿ ಬರೆದು, ಸಭೆಯಲ್ಲಿ ಹಾಡಿ ಓದು ಎಂದಂತೆ. ಮಗು ಅಚ್ಚಾದ ಪುಸ್ತಕದಲ್ಲಿ ಸ್ವರ ಮತ್ತು ರಾಗದ ಚಿಹ್ನೆಗಳ ಸಹಿತ ಕಲಿತು, ಬಾಯಿಪಾಠ ಮಾಡಿ, ಆ ದಿನ ಬರಿಯ ಅಕ್ಷರಗಳನ್ನು ನೋಡುತ್ತ ಹಾಡುತ್ತದೆ. ತ್ರೋಪ್ ಎಂದು ಕರೆಯುವ ಈ ರಾಗದ ಚಿಹ್ನೆಗಳು ಪದಗಳನ್ನು ಎಲ್ಲಿ ಕೂಡಿಸಬೇಕು, ಎಲ್ಲಿ ಬಿಡಿಸಬೇಕು ಎಂಬುದನ್ನೂ ಹೇಳುತ್ತವೆ. ತೋರಾದ ರಾಗ ಒಂದು, ಹಫ್ತಾರಾದ ರಾಗ ಇನ್ನೊಂದು. ವೇದಪಾಠವನ್ನು ಸ್ವರ ತಪ್ಪದಂತೆ ಕಲಿತವರಿಗೆ ಇದರ ಶ್ರಮ ಒಂದೇ ಮಾತಿನಲ್ಲಿ ಅರ್ಥವಾಗುತ್ತದೆ. ಮಗು ತಪ್ಪಿದರೆ ಪಕ್ಕದಲ್ಲಿ ನಿಂತವರು ಮೆಲ್ಲಗೆ ತಿದ್ದುತ್ತಾರೆ, ಮಗು ಮತ್ತೆ ಹೇಳುತ್ತದೆ. ಅದು ಅಪಮಾನವಲ್ಲ, ಪದ್ಧತಿ. ಈ ಮಾತನ್ನು ಮಗುವಿಗೆ ಮೊದಲೇ, ಹಲವು ಸಲ, ಹೇಳಿ.

ಪ್ರಾರ್ಥನೆಯನ್ನು ಹಾಡಿ ನಡೆಸುವ ಕ್ಯಾಂಟರ್ ಅಥವಾ ಪಾಠ ಹೇಳುವ ಗುರುಗಳೊಡನೆ ವಾರಕ್ಕೊಮ್ಮೆಯ ತರಗತಿ ಒಂದು ವರ್ಷ ಮೊದಲೇ ಆರಂಭವಾದರೆ ಒಳ್ಳೆಯದು. ಹೀಬ್ರೂ ಅಕ್ಷರ ಅದಕ್ಕೂ ಮೊದಲೇ ಬಂದಿರಬೇಕು. ದಿನಕ್ಕೆ ಇಪ್ಪತ್ತು ನಿಮಿಷ, ವಾರಕ್ಕೆ ಆರು ದಿನ; ಭಾನುವಾರ ಎರಡು ಗಂಟೆ ಕೂರಿಸಿ ಓದಿಸುವುದಕ್ಕಿಂತ ಇದು ಎಷ್ಟೋ ಮೇಲು. ಗುರುಗಳು ಹಾಡಿ ಧ್ವನಿಮುದ್ರಿಸಿ ಕೊಟ್ಟದ್ದನ್ನು ನಾವು ಈಜು ತರಗತಿಗೆ ಹೋಗುವ ಕಾರಿನಲ್ಲಿ ಹಾಕುತ್ತಿದ್ದೆವು. ನಾಲ್ಕು ತಿಂಗಳಾಗುವಷ್ಟರಲ್ಲಿ ಹೀಬ್ರೂ ಒಂದಕ್ಷರ ಬಾರದ ನನಗೂ ಮೊದಲ ಮೂರು ವಾಕ್ಯ ಬಾಯಿಗೆ ಬಂದಿದ್ದವು. ಮಗಳು ಎಲ್ಲಿ ತಡವರಿಸುತ್ತಾಳೆಂದು ಅಡುಗೆಮನೆಯಿಂದಲೇ ನನಗೆ ತಿಳಿಯುತ್ತಿತ್ತು.

ಇದರ ಜೊತೆಗೆ ಮಗು ತನ್ನ ಪಾಠದ ಬಗ್ಗೆ ಐದಾರು ನಿಮಿಷ ಮಾತನಾಡಬೇಕು. ಇದನ್ನು ದ್ವಾರ್ ತೋರಾ ಎನ್ನುತ್ತಾರೆ. ನಮ್ಮ ಮಗಳಿಗೆ ಬಂದದ್ದು ವಯೇರಾ ಎಂಬ ಪಾಠ. ಬಿಸಿಲೇರಿದ ಹೊತ್ತಿನಲ್ಲಿ ಅಬ್ರಹಾಮ ಗುಡಾರದ ಬಾಗಿಲಲ್ಲಿ ಕುಳಿತಿದ್ದಾಗ ಮೂವರು ಅಪರಿಚಿತರು ಕಾಣುತ್ತಾರೆ; ಮುದುಕನಾದರೂ ಓಡಿಹೋಗಿ ನಮಸ್ಕರಿಸಿ, ಕಾಲು ತೊಳೆಯಲು ನೀರು ತರಿಸಿ, "ಒಂದು ತುತ್ತು" ಎಂದು ಹೇಳಿ ದೊಡ್ಡ ಊಟವನ್ನೇ ಸಿದ್ಧಪಡಿಸುತ್ತಾನೆ. ಮಗಳು ಇದನ್ನು ಓದಿದ ದಿನ, "ಅಪ್ಪ, ಅಜ್ಜಿಯೂ ಹೀಗೇ ಅಲ್ಲವಾ, ಕಾಫಿ ಕುಡಿದು ಹೋಗಿ ಎಂದು ಕೂರಿಸಿ ಊಟ ಹಾಕಿಯೇ ಕಳಿಸೋದು" ಎಂದಳು. ಆ ಮಾತೇ ಅವಳ ಭಾಷಣದ ನಡುಭಾಗವಾಯಿತು. ದಯವಿಟ್ಟು ಮಗುವಿನ ಭಾಷಣವನ್ನು ನೀವು ಬರೆದುಕೊಡಬೇಡಿ. ಪಾಠವನ್ನು ಒಟ್ಟಿಗೆ ಕುಳಿತು ಓದಿ, ಪ್ರಶ್ನೆ ಕೇಳಿ, ಕಾಯಿರಿ.

ಯಾರಿಗೆ ಯಾವ ಗೌರವ

ಶನಿವಾರದ ಓದು ಏಳು ಭಾಗಗಳಾಗಿರುತ್ತದೆ, ಕೊನೆಗೆ ಮಫ್ತೀರ್ ಎಂಬ ಇನ್ನೊಂದು ಚಿಕ್ಕ ಓದು. ಪ್ರತಿ ಭಾಗಕ್ಕೂ ಒಬ್ಬರನ್ನು ಹೀಬ್ರೂ ಹೆಸರು ಹಿಡಿದು ಕರೆದು ಆಶೀರ್ವಚನ ಹೇಳಿಸುತ್ತಾರೆ, ಇದು ಅಲಿಯಾ. ಒಂದು ತಿಂಗಳು ಮೊದಲೇ ಓದಿನ ವ್ಯವಸ್ಥೆ ನೋಡಿಕೊಳ್ಳುವ ಗಬ್ಬಾಯ್ ನಿಮ್ಮಿಂದ ಹೆಸರುಗಳ ಪಟ್ಟಿ ಕೇಳುತ್ತಾರೆ. ಹಿರಿಯರಲ್ಲಿ ಎಷ್ಟೋ ಜನಕ್ಕೆ ತಮ್ಮ ಹೀಬ್ರೂ ಹೆಸರು, ತಂದೆತಾಯಿಯ ಹೀಬ್ರೂ ಹೆಸರು ಮರೆತಿರುತ್ತದೆ, ಆದ್ದರಿಂದ ಈ ಕೆಲಸವನ್ನು ಕೊನೆಯ ವಾರಕ್ಕೆ ಇಟ್ಟುಕೊಳ್ಳಬೇಡಿ.

ಓದು ಮುಗಿದ ಮೇಲೆ ಸುರುಳಿಯನ್ನು ಬಿಚ್ಚಿ ಎತ್ತಿ ಸಭೆಗೆ ತೋರಿಸುವ ಹಗ್ಬಾ ಎಂಬ ಗೌರವಕ್ಕೆ ತೋಳಿನಲ್ಲಿ ಶಕ್ತಿಯಿರುವವರನ್ನೇ ಆರಿಸಿ. ಹೀಬ್ರೂ ಬಲದಿಂದ ಎಡಕ್ಕೆ ಸಾಗುವುದರಿಂದ, ವರ್ಷದ ಆರಂಭದಲ್ಲಿ ಓದುವ ಆದಿಕಾಂಡದ ವಾರಗಳಲ್ಲಿ ಸುರುಳಿಯ ಭಾರವೆಲ್ಲ ಎಡಗೈಯ ಕೋಲಿಗೆ ಬೀಳುತ್ತದೆ. ಬಲಗೈ ರೂಢಿಯವರಿಗೆ ಇದು ನಿಜಕ್ಕೂ ಕಷ್ಟ. ನಮ್ಮ ಪಾಠ ಆ ಭಾಗದ್ದೇ ಆಗಿದ್ದರಿಂದ ಹೆಂಡತಿಯ ಸೋದರಮಾವನವರು ಗುರುವಾರವೇ ಬಂದು ಎರಡು ಸಲ ಎತ್ತಿ ನೋಡಿಕೊಂಡರು. ಬರಿಗೈಯಿಂದ ಚರ್ಮದ ಹಾಳೆಯನ್ನು ಯಾರೂ ಮುಟ್ಟುವಂತಿಲ್ಲ. ಓದುವಾಗ ಅಕ್ಷರ ತೋರಿಸಲು ತುದಿಯಲ್ಲಿ ಪುಟ್ಟ ಬೆರಳಿನ ಆಕಾರವಿರುವ ಬೆಳ್ಳಿಯ ಕಡ್ಡಿ, ಯಾದ್, ಇರುತ್ತದೆ.

ಯೆಹೂದಿಯಲ್ಲದ ತಂದೆಗೆ, ತಾಯಿಗೆ, ಅಜ್ಜಅಜ್ಜಿಯರಿಗೆ ಸಾಮಾನ್ಯವಾಗಿ ಅಲಿಯಾ ಇಲ್ಲ. ಇದನ್ನು ಕೇಳಿ ಮನಸ್ಸಿಗೆ ಸ್ವಲ್ಪ ನೋವಾಗುವುದು ನಿಜ. ಆದರೆ ಆ ಆಶೀರ್ವಚನದಲ್ಲಿ "ನಮಗೆ ತೋರಾ ಕೊಟ್ಟ" ಎಂಬ ಮಾತಿದೆ. ಅದನ್ನು ಹೇಳುವ ಬಾಯಿ ಆ ಒಡಂಬಡಿಕೆಗೆ ಸೇರಿರಬೇಕೆಂಬ ಅವರ ನಿಲುವಿನಲ್ಲಿ ಅರ್ಥವಿದೆ ಎಂದು ನನಗೆ ಕಾಲಕ್ರಮದಲ್ಲಿ ಮನವರಿಕೆಯಾಯಿತು. ಬೇರೆ ಏನು ಮಾಡಬಹುದೆಂದು ರಬ್ಬಿಯನ್ನು ನೇರವಾಗಿ ಕೇಳಿ. ಶಾಂತಿಗಾಗಿ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ ಓದುವುದು, ಮಗುವಿಗೆ ತಲ್ಲಿತ್ ಎಂಬ ಪ್ರಾರ್ಥನೆಯ ಶಾಲು ಹೊದಿಸುವಾಗ ಪಕ್ಕದಲ್ಲಿ ನಿಲ್ಲುವುದು, ತಂದೆತಾಯಿಯ ಮಾತು ಆಡುವುದು ಹಲವು ಕಡೆ ಸಾಧ್ಯ. ನಮ್ಮ ರಬ್ಬಿ ಒಪ್ಪಿದ್ದರಿಂದ ನನ್ನ ಮಾತಿನ ಕೊನೆಯ ನಾಲ್ಕು ವಾಕ್ಯಗಳನ್ನು ನಾನು ಕನ್ನಡದಲ್ಲೇ ಆಡಿದೆ, ಮಗಳು ಅದನ್ನು ಸಭೆಗೆ ಇಂಗ್ಲಿಷಿನಲ್ಲಿ ಹೇಳಿದಳು.

ಊರಿನಿಂದ ಬರುವವರಿಗೆ

ವೀಸಾ ಸಂದರ್ಶನಕ್ಕೆ ದಿನ ಸಿಗುವುದಕ್ಕೇ ತಿಂಗಳುಗಳು ಹಿಡಿಯಬಹುದಾದ್ದರಿಂದ, ದಿನ ನಿಗದಿಯಾದ ಕೂಡಲೇ ಊರಿಗೆ ತಿಳಿಸಿ. ಬರಲಾಗದವರಿಗೆ ನೇರಪ್ರಸಾರವಿದೆಯೇ ಎಂದು ವಿಚಾರಿಸಿ. ಆರ್ಥಡಾಕ್ಸ್ ಸಿನಗಾಗ್‌ಗಳಲ್ಲಿ ಶಬ್ಬಾತ್ ದಿನ ಅದು ಇರುವುದಿಲ್ಲ. ನ್ಯೂಯಾರ್ಕಿನ ಬೆಳಿಗ್ಗೆ ಹತ್ತು ಗಂಟೆ ನಮ್ಮೂರಿನಲ್ಲಿ ಬೇಸಿಗೆಯಲ್ಲಿ ಸಂಜೆ ಏಳೂವರೆ, ಚಳಿಗಾಲದಲ್ಲಿ ಎಂಟೂವರೆ.

ಬರುವವರಿಗೆ ಕೆಲವು ಮಾತುಗಳನ್ನು ಮೊದಲೇ ಫೋನಿನಲ್ಲಿ ತಿಳಿಸಿಬಿಡಿ. ಗಂಡಸರು ತಲೆಗೆ ಕಿಪ್ಪಾ ಎಂಬ ಪುಟ್ಟ ಟೋಪಿ ಇಡಬೇಕು. ಬಾಗಿಲಲ್ಲೇ ಬುಟ್ಟಿಯಲ್ಲಿಟ್ಟಿರುತ್ತಾರೆ, ಮಗುವಿನ ಹೆಸರು ಮತ್ತು ದಿನಾಂಕ ಅಚ್ಚು ಹಾಕಿಸುವ ರೂಢಿಯೂ ಇದೆ. ತಲ್ಲಿತ್ ಹೊದೆಯುವುದು ಯೆಹೂದಿಗಳು ಮಾತ್ರ. ಹೆಂಗಸರ ಭುಜ ಮುಚ್ಚಿರಬೇಕು, ಸೆರಗು ಹೊದ್ದರೆ ಸಾಕು. ಫೋನನ್ನು ಹೊರಗೆ ತೆಗೆಯಲೇ ಬಾರದು. ಫೋಟೋಗಳೆಲ್ಲ ಗುರುವಾರದ ತಾಲೀಮಿನ ದಿನ, ಅದೇ ಬಟ್ಟೆ ತೊಟ್ಟು ತೆಗೆಸಿಕೊಳ್ಳುವಂಥವು. ಆದ್ದರಿಂದ ನೆಂಟರು ಬುಧವಾರಕ್ಕೇ ಬಂದಿಳಿಯುವಂತೆ ಟಿಕೆಟ್ ಮಾಡಿಸಬೇಕು. ಹಫ್ತಾರಾ ಮುಗಿದ ಮೇಲೆ ಸಭೆ ಮಗುವಿನ ಮೇಲೆ ಮಿಠಾಯಿ ಎಸೆಯುತ್ತದೆ. ನಮ್ಮವರಿಗೆ ಅಕ್ಷತೆಯ ಅಭ್ಯಾಸವಿರುವುದರಿಂದ ಇದು ಬಹಳ ಇಷ್ಟವಾಗುತ್ತದೆ, ಆದರೆ ಕೊನೆಯ ಆಶೀರ್ವಚನ ಮುಗಿಯುವವರೆಗೆ ಕೈ ಎತ್ತಬಾರದು. ಮಿಠಾಯಿ ಕೋಶರ್, ಅಂದರೆ ಯೆಹೂದಿ ಆಹಾರ ನಿಯಮಕ್ಕೆ ಒಪ್ಪುವಂಥದ್ದು, ಆಗಿರಬೇಕು, ಕಾಗದದಲ್ಲಿ ಸುತ್ತಿದ ಮೆತ್ತನೆಯ ಜೆಲ್ಲಿಯದೇ ಆಗಿರಬೇಕು; ಗಟ್ಟಿ ಮಿಠಾಯಿ ಕಣ್ಣಿಗೆ ತಗುಲಿದರೆ ಅಪಾಯ.

ಊಟ

ಪ್ರಾರ್ಥನೆಯ ನಂತರ ದ್ರಾಕ್ಷಾರಸ ಮತ್ತು ಖಲ್ಲಾ ಬ್ರೆಡ್ಡಿನ ಮೇಲೆ ಆಶೀರ್ವಚನ ಹೇಳಿ, ಇಡೀ ಸಭೆಗೆ ಕಿದ್ದುಶ್ ಎಂಬ ಊಟ ಅಥವಾ ಫಲಾಹಾರ ಇಡುತ್ತಾರೆ. ಇದು ಆಮಂತ್ರಿತರಿಗಷ್ಟೇ ಅಲ್ಲ, ಆ ಬೆಳಿಗ್ಗೆ ಬಂದ ಎಲ್ಲರಿಗೂ. ಲೆಕ್ಕ ಹಾಕುವಾಗ ಇದು ನೆನಪಿರಲಿ.

ಸಸ್ಯಾಹಾರ ಮಾಡಿಸಿದರೆ ಕೋಶರ್ ತೊಂದರೆಯೇ ಇಲ್ಲವೆಂದು ನಾನು ನಂಬಿದ್ದೆ. ಅದು ಅರ್ಧ ಸತ್ಯ. ಮಾಂಸ ಮತ್ತು ಹಾಲಿನ ಪದಾರ್ಥ ಒಂದೇ ಊಟದಲ್ಲಿ ಸೇರಬಾರದೆಂಬ ನಿಯಮದಿಂದ ಸಸ್ಯಾಹಾರ ನಮ್ಮನ್ನು ಪಾರುಮಾಡುತ್ತದೆ. ಆದರೆ ಪಾತ್ರೆ, ಒಲೆ, ಚೀಸು, ವೈನು, ಸೊಪ್ಪಿನಲ್ಲಿ ಹುಳುವಿಲ್ಲದಂತೆ ಪರೀಕ್ಷಿಸುವುದು ಇವೆಲ್ಲಕ್ಕೂ ಮೇಲ್ವಿಚಾರಣೆ ಬೇಕು. ಎಣ್ಣೆ ಹಾಕಿ ಹುಯ್ದ ದೋಸೆ ಪಾರ್ವೆ, ಅಂದರೆ ಮಾಂಸದ ಊಟದೊಡನೆಯೂ ಹಾಲಿನ ಊಟದೊಡನೆಯೂ ಬಡಿಸಬಹುದಾದದ್ದು. ಅದಕ್ಕೆ ಒಂದು ಚಮಚ ತುಪ್ಪ ಬಿತ್ತೆಂದರೆ ಅದು ಹಾಲಿನ ಪದಾರ್ಥವಾಗುತ್ತದೆ. ನ್ಯೂಯಾರ್ಕಿನ ಲೆಕ್ಸಿಂಗ್ಟನ್ ಅವೆನ್ಯೂ ಆಸುಪಾಸಿನಲ್ಲಿ ಕೋಶರ್ ಪ್ರಮಾಣಪತ್ರ ಪಡೆದು ನಡೆದ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲುಗಳುಂಟು. ಇಂಥವರ ಕೈಯಲ್ಲಿ ಮಾಡಿಸುವುದಾದರೆ ಆ ಪ್ರಮಾಣಪತ್ರವನ್ನು ನಿಮ್ಮ ಸಿನಗಾಗ್ ಒಪ್ಪುತ್ತದೆಯೇ ಎಂದು ಮುಂಗಡ ಕೊಡುವ ಮೊದಲೇ ಕೇಳಿ.

ಅಮ್ಮ ಹಾಸನದಿಂದ ಬಂದವರು ಜೆಟ್‌ಲ್ಯಾಗ್ ಲೆಕ್ಕಿಸದೆ ಎರಡು ದಿನ ಒಲೆಯ ಮುಂದೆ ನಿಂತು ಮೈಸೂರು ಪಾಕ್ ಮಾಡಿದ್ದರು. ಮನೆಯಲ್ಲಿ ಮಾಡಿದ ಪದಾರ್ಥವನ್ನು ಸಿನಗಾಗ್‌ನ ಅಡುಗೆಮನೆಗೆ ತರುವಂತಿಲ್ಲವೆಂಬ ನಿಯಮವನ್ನು ನಾನು ಅವರಿಗೆ ಮೊದಲೇ ಹೇಳಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಡಬ್ಬಿಗಳನ್ನು ಹಿಡಿದು ಬಾಗಿಲಿನಿಂದ ಹಿಂತಿರುಗಬೇಕಾಯಿತು. ಅವರು ಒಂದು ಮಾತೂ ಆಡಲಿಲ್ಲ, ಅದೇ ನನಗೆ ಹೆಚ್ಚು ಸಂಕಟವಾಯಿತು. ಭಾನುವಾರ ಬೆಳಿಗ್ಗೆ ಮನೆಯಲ್ಲಿ ಇಟ್ಟಿದ್ದ ತಿಂಡಿಗೆ ಅದನ್ನು ಬಡಿಸಿದೆವು. ನೀವು ಆ ಭಾನುವಾರದ ತಿಂಡಿಯನ್ನು ಮೊದಲೇ ಯೋಜನೆಯಲ್ಲಿ ಸೇರಿಸಿ, ಮನೆಯ ಅಡುಗೆಗೆ ಅದೇ ಜಾಗವೆಂದು ಹಿರಿಯರಿಗೆ ತಿಳಿಸಿಬಿಡಿ.

ಔತಣ, ದಾನ, ಉಡುಗೊರೆ

ಶನಿವಾರ ರಾತ್ರಿಯ ಔತಣವನ್ನು ಶಬ್ಬಾತ್ ಬೀಳ್ಕೊಡುವ ಹವ್ದಲಾ ವಿಧಿಯಿಂದ ಆರಂಭಿಸುವುದು ಚೆಂದ. ಹೆಣೆದ ಮೇಣದಬತ್ತಿ, ವೈನು, ಮೂಸಲು ಲವಂಗ ಚಕ್ಕೆಗಳಿರುವ ಪುಟ್ಟ ಡಬ್ಬಿ. ದೀಪ ಆರಿಸಿದ ಕೂಡಲೇ ಶಬ್ಬಾತ್ ಮುಗಿದು ಸಂಗೀತ ಶುರುವಾಗುತ್ತದೆ. ಹೋರಾ ಕುಣಿತದಲ್ಲಿ ಮಗುವನ್ನು ಕುರ್ಚಿ ಸಹಿತ ಎತ್ತುವುದರಿಂದ ಕೈಯಿರುವ ಗಟ್ಟಿ ಕುರ್ಚಿಯನ್ನು, ಎತ್ತುವ ನಾಲ್ವರನ್ನು ಮೊದಲೇ ಗೊತ್ತುಮಾಡಿ. ಹುಡುಗಿಯರು ಚಪ್ಪಲಿ ಕಳಚಿ ಕುಣಿಯುತ್ತಾರೆ, ಅವರಿಗೊಂದು ಬುಟ್ಟಿ ತುಂಬ ಕಾಲುಚೀಲ ಇಡಿ. ತರಗತಿಯಲ್ಲಿ ಒಂದಿಬ್ಬರನ್ನು ಮಾತ್ರ ಬಿಟ್ಟು ಉಳಿದವರನ್ನೆಲ್ಲ ಕರೆಯುವುದನ್ನು ದಯವಿಟ್ಟು ಮಾಡಬೇಡಿ. ಉಳಿದದ್ದೆಲ್ಲ ನಿಮ್ಮ ಶಕ್ತಿ, ನಿಮ್ಮ ಇಷ್ಟ. ಸಾಲ ಮಾಡುವ ಅಗತ್ಯ ಮಾತ್ರ ಯಾವುದಕ್ಕೂ ಇಲ್ಲ.

ಮಗು ತಾನೇ ಆರಿಸಿಕೊಂಡ ಒಂದು ಸೇವೆಯನ್ನು ಕೆಲವು ತಿಂಗಳು ಮಾಡಬೇಕೆಂದು ಬಹಳಷ್ಟು ಸಿನಗಾಗ್‌ಗಳು ಕೇಳುತ್ತವೆ. ಔತಣದ ಖರ್ಚಿನ ನೂರಕ್ಕೆ ಮೂರು ಪಾಲನ್ನು ಹಸಿದವರಿಗೆ ಎತ್ತಿಡಿ ಎಂದು 1985ರಲ್ಲಿ ಆರಂಭವಾದ ಮಾಝೋನ್ ಸಂಸ್ಥೆ ಕೇಳಿಕೊಳ್ಳುತ್ತ ಬಂದಿದೆ. ನಾವು ಅದನ್ನು ಬಜೆಟ್ಟಿನ ಮೊದಲ ಸಾಲಿನಲ್ಲೇ ಬರೆದುಕೊಂಡೆವು, ಏಕೆಂದರೆ ಕೊನೆಯ ಸಾಲಿನಲ್ಲಿ ಬರೆದದ್ದು ಉಳಿಯುವುದಿಲ್ಲ.

ನೆಂಟರು ಎಷ್ಟು ಮುಯ್ಯಿ ಮಾಡಬೇಕೆಂದು ಕೇಳುತ್ತಾರೆ. ನಮ್ಮಲ್ಲಿ 101, 501 ಎಂಬಂತೆ ಅವರಲ್ಲಿ 18ರ ಮಗ್ಗಿ. ಜೀವ ಎಂಬರ್ಥದ ಹೀಬ್ರೂ ಪದ ಖಾಯ್‌ನ ಎರಡು ಅಕ್ಷರಗಳ ಬೆಲೆ ಕೂಡಿದರೆ ಎಂಟು ಮತ್ತು ಹತ್ತು, ಹದಿನೆಂಟು. ಹೀಗಾಗಿ 36, 54, 72, 180 ಡಾಲರುಗಳನ್ನು ಕೊಡುತ್ತಾರೆ. ಲಕೋಟೆಯನ್ನು ಶನಿವಾರ ಬೆಳಿಗ್ಗೆ ಸಿನಗಾಗ್‌ಗೆ ತರುವುದು ಬೇಡ, ರಾತ್ರಿಯ ಔತಣದಲ್ಲಿ ಕೊಡಲಿ.

ಧನ್ಯವಾದದ ಪತ್ರಗಳನ್ನು ಮಗುವೇ ಕೈಯಲ್ಲಿ ಬರೆಯಬೇಕು. ದಿನಕ್ಕೆ ಐದರಂತೆ ಹಂಚಿಕೊಂಡರೆ ಒಂದು ತಿಂಗಳೊಳಗೆ ಮುಗಿಯುತ್ತದೆ. ಅಭ್ಯಾಸದ ಕಾಗದಗಳನ್ನು, ಧ್ವನಿಮುದ್ರಣವನ್ನು ಎಸೆಯದೆ ಇಟ್ಟುಕೊಳ್ಳಿ. ಅದೇ ಪಾಠ ಮುಂದಿನ ವರ್ಷ ಅದೇ ವಾರಕ್ಕೆ ಮತ್ತೆ ಬರುತ್ತದೆ, ಆಗ ಓದುವವರನ್ನು ಗಬ್ಬಾಯ್ ಹುಡುಕುತ್ತಿರುತ್ತಾರೆ. ನಮ್ಮ ಮಗಳು ಈ ಸಲದ ಕ್ಯಾಲೆಂಡರಿನಲ್ಲಿ ಆ ಶನಿವಾರಕ್ಕೆ ತಾನೇ ಗುರುತು ಹಾಕಿ, ಮೊದಲ ಅಲಿಯಾದ ಭಾಗವನ್ನು ತಾನು ಓದುವೆನೆಂದು ಅವರಿಗೆ ಹೇಳಿ ಬಂದಿದ್ದಾಳೆ.